86 ಡೆಸಿಬೆಲ್ ಸ್ಪೀಕರ್‌ಗೆ ಎಷ್ಟು ವ್ಯಾಟ್‌ನ ಪವರ್ ಆಂಪ್ಲಿಫೈಯರ್ ಬೇಕು?

ಪ್ರಶ್ನೆ: ನಾನು ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಉಪನ್ಯಾಸಕ. ಹಿಂದುಸ್ತಾನಿ ಗಾಯನವನ್ನು ದಿನವೂ ಎರಡು ಮೂರು ತಾಸು ಕೇಳುತ್ತೇನೆ. ನಮ್ಮ ಪಡಸಾಲೆ 16 ಅಡಿ ಉದ್ದ, 12 ಅಡಿ ಅಗಲ ಇದೆ. ಸ್ಪೀಕರ್‌ಗಳಿಂದ ಸುಮಾರು 10 ಅಡಿ ದೂರದಲ್ಲಿ ಕೂರುತ್ತೇನೆ. ಹಳೆಯ ಹೋಮ್ ಥಿಯೇಟರ್ ರಿಸೀವರ್‌ಗೆ ಕಳೆದ ವರ್ಷ ಒಂದು ಜೊತೆ ಹೊಸ ಸ್ಪೀಕರ್ ತಂದು ಜೋಡಿಸಿದೆ. ಸ್ಪೀಕರ್ ಕೈಪಿಡಿಯಲ್ಲಿ ಸೆನ್ಸಿಟಿವಿಟಿ 86 ಡೆಸಿಬೆಲ್, ಇಂಪೀಡೆನ್ಸ್ (ವಿದ್ಯುತ್ ಪ್ರವಾಹಕ್ಕೆ ಒಡ್ಡುವ ತಡೆ) 6 ಓಮ್, ಕನಿಷ್ಠ 3.8 ಓಮ್, ಶಿಫಾರಸು ಮಾಡಿದ ಆಂಪ್ಲಿಫೈಯರ್ 30ರಿಂದ 120 ವ್ಯಾಟ್ ಎಂದಿದೆ. ರಿಸೀವರ್‌ನ ಪೆಟ್ಟಿಗೆಯ ಮೇಲೆ 150 ವ್ಯಾಟ್ ಎಂದೂ ಅದರ ಕೈಪಿಡಿಯಲ್ಲಿ 80 ವ್ಯಾಟ್ ಎಂದೂ ಬರೆದಿದ್ದಾರೆ. ಸಾಧಾರಣ ಧ್ವನಿಯಲ್ಲಿ ತೊಂದರೆಯಿಲ್ಲ. ಆದರೆ ಖಯಾಲ್ ದ್ರುತ್ ಲಯಕ್ಕೆ ಬಂದು ತಬಲಾ ಜೋರಾಗುವ ಹೊತ್ತಿಗೆ ವಾಲ್ಯೂಮ್ ಏರಿಸಿದರೆ ದನಿ ಗಡುಸಾಗಿ ಕಿವಿಗೆ ಚುಚ್ಚುತ್ತದೆ, ರಿಸೀವರ್ ಮೇಲೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಅಂಗಡಿಯವರು 250 ವ್ಯಾಟ್‌ನ ಪ್ರತ್ಯೇಕ ಪವರ್ ಆಂಪ್ಲಿಫೈಯರ್ ಹಾಕಿಸಿ ಎನ್ನುತ್ತಾರೆ. 120 ವ್ಯಾಟ್‌ನ ಸ್ಪೀಕರ್‌ಗೆ 250 ಕೊಟ್ಟರೆ ಸುಟ್ಟುಹೋಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ, ಅಂಗೈಯಗಲದ 300+300 ವ್ಯಾಟ್‌ನ ಕ್ಲಾಸ್ ಡಿ ಸಾಕು ಎಂಬುದು ಮಗನ ಅಭಿಪ್ರಾಯ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಆತಂಕಗಳು ಬೆರೆತಿವೆ. ಜೋರಾಗಿ ಕೇಳುವಾಗ ದನಿ ಏಕೆ ಗಡುಸಾಗುತ್ತದೆ ಎಂಬುದು ಒಂದು; ದೊಡ್ಡ ಆಂಪ್ಲಿಫೈಯರ್ ತಂದರೆ ಸ್ಪೀಕರ್‌ಗೆ ಅಪಾಯವೇ ಎಂಬುದು ಇನ್ನೊಂದು. ಮೊದಲನೆಯದು ಇತ್ಯರ್ಥವಾಗದೆ ಎರಡನೆಯದಕ್ಕೆ ಕೈಹಾಕಬಾರದು. ಗಡುಸುತನಕ್ಕೆ ರಿಸೀವರ್ ಕಾರಣವೇ ಅಲ್ಲದಿದ್ದರೆ ಎಷ್ಟೇ ಬೆಲೆಯ ಪವರ್ ಆಂಪ್ಲಿಫೈಯರ್ ತಂದರೂ ಅದು ಹಾಗೆಯೇ ಉಳಿಯುತ್ತದೆ, ಮತ್ತು ಇಂತಹ ದೂರುಗಳನ್ನು ಹಿಡಿದು ಮನೆಗಳಿಗೆ ಹೋದಾಗ ಆಂಪ್ಲಿಫೈಯರ್ ನಿರ್ದೋಷಿಯಾಗಿದ್ದ ಪ್ರಸಂಗಗಳನ್ನು ನಾನು ಬಹಳ ಕಂಡಿದ್ದೇನೆ.

ಆದ್ದರಿಂದ ಮೊದಲು ಕೋಣೆಯನ್ನು ಪರೀಕ್ಷಿಸಿ. ನುಣುಪಾದ ನೆಲ, ಬರಿಗೋಡೆ, ಗಾಜಿನ ಕಿಟಕಿಗಳಿರುವ ಪಡಸಾಲೆಯಲ್ಲಿ ದನಿ ಪ್ರತಿಫಲಿಸಿ, ಹಾಡುಗಾರರ ತಾರಸಪ್ತಕದ ಸ್ವರಗಳೂ ತಬಲಾದ ಚಾಟಿಯೂ ಒಂದರ ಮೇಲೊಂದು ಬಿದ್ದು ಕರ್ಕಶವಾಗುತ್ತವೆ. ವಾಲ್ಯೂಮ್ ಹೆಚ್ಚಿದಷ್ಟೂ ಇದು ಎದ್ದು ಕೇಳುತ್ತದೆ. ಸ್ಪೀಕರ್‌ಗಳಿಗೂ ನೀವು ಕೂರುವ ಜಾಗಕ್ಕೂ ನಡುವಿನ ನೆಲಕ್ಕೆ ದಪ್ಪನೆಯ ಜಮಖಾನ ಹಾಸಿ (ನವಲಗುಂದದ ಜಮಖಾನ ನಿಮ್ಮ ಜಿಲ್ಲೆಯದೇ ಅಲ್ಲವೇ), ಅದರಡಿ ಒಂದು ಗಾದಿಯನ್ನೂ ಇಟ್ಟು, ಕಿಟಕಿಗೆ ದಪ್ಪ ಪರದೆ ಎಳೆದು ಅದೇ ಧ್ವನಿಮುದ್ರಣವನ್ನು ಅದೇ ವಾಲ್ಯೂಮ್‌ನಲ್ಲಿ ಕೇಳಿ. ಗಡುಸು ಗಮನಾರ್ಹವಾಗಿ ತಗ್ಗಿದರೆ ತಪ್ಪು ಕೋಣೆಯದು. ಬೇರೆ ಬೇರೆ ಕಾಲದ ಮುದ್ರಣಗಳನ್ನೂ ಹಾಕಿ ನೋಡಿ. ಹಳೆಯ ಮುದ್ರಣಗಳಲ್ಲಿ ಕೆಲವೊಮ್ಮೆ ಗಾಯಕರು ಮೈಕಿಗೆ ಹತ್ತಿರವಾಗಿ ಏರುದನಿಯಲ್ಲಿ ಹಾಡಿದ ಕ್ಷಣದಲ್ಲಿ ದನಿ ಟೇಪ್ ಹಿಡಿಯಬಲ್ಲ ಮಟ್ಟವನ್ನೇ ಮೀರಿ ಒಡೆದಿರುತ್ತದೆ. ಆ ಒಡಕನ್ನು ಯಾವ ಆಂಪ್ಲಿಫೈಯರ್ ಕೂಡ ಸರಿಪಡಿಸಲಾರದು.

ಇನ್ನು ವ್ಯಾಟ್‌ಗಳ ಲೆಕ್ಕಕ್ಕೆ ಬರೋಣ. ಶಕ್ತಿ ಎರಡು ಪಟ್ಟಾದರೆ ದನಿ ಎರಡು ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ; ಅದು ಕಿವಿಗೆ ತಿಳಿಯುತ್ತದೆ, ಆದರೆ ಅಷ್ಟೇ. ದನಿ ಸರಿಸುಮಾರು ಎರಡು ಪಟ್ಟಾಯಿತು ಎಂದು ಅನಿಸಬೇಕಾದರೆ 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ನಿಮ್ಮ 80 ವ್ಯಾಟ್‌ನ ರಿಸೀವರ್ ತೆಗೆದು 250 ವ್ಯಾಟ್‌ನದನ್ನು ಇಟ್ಟರೆ ಸಿಗುವ ಹೆಚ್ಚಳ ಸುಮಾರು 5 ಡೆಸಿಬೆಲ್. ವ್ಯಾಟ್‌ನ ಅಂಕಿ ಮೂರು ಪಟ್ಟು ಹಿಗ್ಗಿದ್ದರೂ ಕಿವಿಗೆ ಸಿಗುವುದು ಇಷ್ಟೇ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ನಿಮ್ಮ ಸ್ಪೀಕರ್‌ನ 86 ಡೆಸಿಬೆಲ್ ಎಂದರೆ, 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಳೆದ ದನಿ. 8 ಓಮ್‌ನ ಸ್ಪೀಕರ್‌ಗೆ 2.83 ವೋಲ್ಟ್ ಎಂದರೆ ಸರಿಯಾಗಿ ಒಂದು ವ್ಯಾಟ್; ನಿಮ್ಮದು 6 ಓಮ್ ಆದರೂ, ಆಂಪ್ಲಿಫೈಯರ್‌ಗಳ ಅಂಕಿಯೊಡನೆ ಹೋಲಿಸಲು ಮುಂದಿನ ವ್ಯಾಟ್ ಲೆಕ್ಕವನ್ನು 8 ಓಮ್‌ಗೇ ಹಾಕುತ್ತೇನೆ. ನೀವು ಕೂರುವುದು ಮೂರು ಮೀಟರ್ ದೂರದಲ್ಲಿ. ತೆರೆದ ಬಯಲಿನಲ್ಲಾದರೆ ಅಷ್ಟು ದೂರಕ್ಕೆ ಸುಮಾರು 9.5 ಡೆಸಿಬೆಲ್ ಕುಗ್ಗುತ್ತದೆ. ಕೋಣೆಯೊಳಗೆ ಗೋಡೆಗಳಿಂದ ಮರಳುವ ದನಿಯೂ ಸೇರುವುದರಿಂದ 7 ಡೆಸಿಬೆಲ್ ಕುಗ್ಗುತ್ತದೆಂದು ಇಟ್ಟುಕೊಳ್ಳೋಣ. ಸ್ಪೀಕರ್ ಎರಡಿರುವುದರಿಂದ 3 ಡೆಸಿಬೆಲ್ ಮರಳಿ ಬರುತ್ತದೆ. ಅಂದರೆ ಪ್ರತಿ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟಾಗ ನಿಮ್ಮ ಕುರ್ಚಿಯಲ್ಲಿ ಸುಮಾರು 82 ಡೆಸಿಬೆಲ್. ಮನೆಯಲ್ಲಿ ತೃಪ್ತಿಯಾಗಿ ಕೇಳುವವರ ಸರಾಸರಿ ಮಟ್ಟ 75 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಒಂದು ವ್ಯಾಟ್‌ನ ಐದನೇ ಒಂದು ಭಾಗ ಸಾಕು. ಆದರೆ ತಬಲಾದ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಜಿಗಿಯಬಲ್ಲದು. ಆ ಜಿಗಿತಕ್ಕೆ, ಅಂದರೆ 95 ಡೆಸಿಬೆಲ್‌ಗೆ, 20 ವ್ಯಾಟ್ ಬೇಕು. ನೀವು ಇನ್ನೂ ಜೋರಾಗಿ, ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳುವವರಾದರೆ ಅದೇ ಪೆಟ್ಟಿಗೆ 63 ವ್ಯಾಟ್ ಬೇಕಾಗುತ್ತದೆ. ಆಲಾಪದುದ್ದಕ್ಕೂ ಒಂದು ವ್ಯಾಟ್ ದಾಟದ ಆಂಪ್ಲಿಫೈಯರ್, ತಿಹಾಯಿಯ ಕೊನೆಯ ಪೆಟ್ಟಿನಲ್ಲಿ ಕ್ಷಣಮಾತ್ರ ನೂರಾರು ಪಟ್ಟು ಕೊಡಬೇಕು. ಆಂಪ್ಲಿಫೈಯರ್‌ನ ಯೋಗ್ಯತೆ ತಿಳಿಯುವುದೇ ಆ ಕ್ಷಣದಲ್ಲಿ.

ಇದು ಕಾಗದದ ಲೆಕ್ಕ. ನಿಮ್ಮ ಮನೆಯಲ್ಲಿ ನೀವು ನಿಜವಾಗಿ ಎಷ್ಟು ಬಳಸುತ್ತಿದ್ದೀರಿ ಎಂಬುದನ್ನು ಒಂದು ಸಾಧಾರಣ ಮಲ್ಟಿಮೀಟರ್‌ನಿಂದ ಅಳೆಯಬಹುದು, ಮತ್ತು ಹಣ ಖರ್ಚು ಮಾಡುವ ಮೊದಲು ಇದನ್ನು ಮಾಡಲೇಬೇಕೆಂದು ಒತ್ತಾಯಿಸುತ್ತೇನೆ. ನಿಮ್ಮ ಮಗ 100 ಹರ್ಟ್ಸ್‌ನ ಸೈನ್ ತರಂಗದ ಒಂದು ಆಡಿಯೋ ಕಡತವನ್ನು, ಪೂರ್ಣ ಮಟ್ಟಕ್ಕಿಂತ 12 ಡೆಸಿಬೆಲ್ ಕಡಿಮೆ ಇರುವಂತೆ, ಉಚಿತ ತಂತ್ರಾಂಶದಲ್ಲಿ ಸಿದ್ಧಪಡಿಸಿಕೊಡಬಲ್ಲರು. ಮೊದಲು ನಿಮಗೆ ತೊಂದರೆ ಕೊಡುವ ಧ್ವನಿಮುದ್ರಣವನ್ನು ನೀವು ಎಂದೂ ದಾಟದಷ್ಟು ಜೋರಾಗಿ ಇಟ್ಟು, ವಾಲ್ಯೂಮ್ ಅಲ್ಲೇ ಬಿಡಿ. ರಿಸೀವರ್ ಆರಿಸಿ ಎರಡೂ ಸ್ಪೀಕರ್‌ಗಳ ತಂತಿಯನ್ನು ಕಳಚಿ, ತಂತಿಯ ತುದಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಮತ್ತೆ ಚಾಲೂ ಮಾಡಿ ಆ ಕಡತವನ್ನು ನುಡಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಒಂದು ಬದಿಯ ಸ್ಪೀಕರ್ ಟರ್ಮಿನಲ್‌ಗಳ ನಡುವೆ ಅಳೆಯಿರಿ. ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ (12 ಡೆಸಿಬೆಲ್ ಎಂದರೆ ವೋಲ್ಟೇಜ್‌ನಲ್ಲಿ ನಾಲ್ಕು ಪಟ್ಟು) ಆ ವಾಲ್ಯೂಮ್‌ನಲ್ಲಿ ಅತಿ ಜೋರಾದ ಪೆಟ್ಟು ಕೇಳುವ ವೋಲ್ಟೇಜ್ ಸಿಗುತ್ತದೆ. ಉದಾಹರಣೆಗೆ ಮೀಟರ್ 4.5 ವೋಲ್ಟ್ ತೋರಿಸಿದರೆ ಬೇಡಿಕೆ 18 ವೋಲ್ಟ್. 18ರ ವರ್ಗವನ್ನು 8ರಿಂದ ಭಾಗಿಸಿದರೆ ಸುಮಾರು 40 ವ್ಯಾಟ್. 8 ಓಮ್‌ಗೆ 80 ವ್ಯಾಟ್ ಕೊಡುವ ನಿಮ್ಮ ರಿಸೀವರ್‌ನ ಮೇಲ್ಮಿತಿ 25 ವೋಲ್ಟ್ ಚಿಲ್ಲರೆ. ವಾಲ್ವ್ (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಕೊಳವೆ) ಆಂಪ್ಲಿಫೈಯರ್ ಇರುವವರು ಮಾತ್ರ ಈ ಪರೀಕ್ಷೆಯನ್ನು ಮಾಡಬಾರದು. ಸ್ಪೀಕರ್ ಕಳಚಿದ ಸ್ಥಿತಿಯಲ್ಲಿ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಹಾನಿಯಾದೀತು.

ನಿಮ್ಮ ಲೆಕ್ಕ 12 ವೋಲ್ಟ್‌ಗಿಂತ ಕೆಳಗೆ ಬಂದರೆ ರಿಸೀವರ್ ದಣಿದಿರುವ ಸಂಭವ ತೀರ ಕಡಿಮೆ. ಮತ್ತೆ ಕೋಣೆಯತ್ತ, ಮುದ್ರಣದತ್ತ ತಿರುಗಿ. 20 ದಾಟಿದರೆ ನಿಮ್ಮ ಅನುಮಾನ ನಿಜ. ನಡುವೆ ಬಂದರೆ ಬಾಸ್ ಹೊಂದಿಕೆಯನ್ನು ಪರಿಶೀಲಿಸಿ. ಬಾಯಾದ ಗುಮಕಿ ತುಂಬಿ ಬರಲೆಂದು ಅದನ್ನು 6 ಡೆಸಿಬೆಲ್ ಏರಿಸಿಟ್ಟಿದ್ದರೆ, ಆ ಕೆಳಸ್ವರಗಳಲ್ಲಿ ರಿಸೀವರ್ ನಾಲ್ಕು ಪಟ್ಟು ಶಕ್ತಿ ಕೊಡುತ್ತಿದೆ ಎಂದೇ ಅರ್ಥ. ಎಷ್ಟೋ ಮನೆಗಳಲ್ಲಿ ಆ ಒಂದು ಹೊಂದಿಕೆಯನ್ನು ಸೊನ್ನೆಗೆ ತಂದಾಗಲೇ ಗಡುಸುತನ ಮಾಯವಾಗಿದೆ.

ವೋಲ್ಟೇಜ್ ಸಾಕಷ್ಟಿದ್ದರೂ ಆಂಪ್ಲಿಫೈಯರ್ ಸೋಲಬಹುದು, ಏಕೆಂದರೆ ಆ ವೋಲ್ಟೇಜ್‌ಗೆ ತಕ್ಕ ವಿದ್ಯುತ್ ಪ್ರವಾಹವನ್ನೂ ಅದು ಒದಗಿಸಬೇಕು. ಸ್ಪೀಕರ್‌ನ ಇಂಪೀಡೆನ್ಸ್ ಎಲ್ಲ ಸ್ವರಗಳಲ್ಲೂ ಒಂದೇ ಇರುವುದಿಲ್ಲ. ನಿಮ್ಮದು ಹೆಸರಿಗೆ 6 ಓಮ್, ಯಾವುದೋ ಒಂದು ಸ್ವರವಲಯದಲ್ಲಿ 3.8ಕ್ಕೆ ಇಳಿಯುತ್ತದೆ. 63 ವ್ಯಾಟ್‌ನ ಆ ಪೆಟ್ಟಿನಲ್ಲಿ ಸುಮಾರು 22 ವೋಲ್ಟ್ ಇರುತ್ತದೆ; ಅದು 3.8 ಓಮ್ ಮೇಲೆ ಬಿದ್ದರೆ 6 ಆಂಪಿಯರ್‌ನಷ್ಟು, ತರಂಗದ ತುದಿಯಲ್ಲಿ 8 ಆಂಪಿಯರ್‌ಗೂ ಮಿಗಿಲು ಹರಿಯಬೇಕು. ಏಳು ಚಾನೆಲ್‌ಗಳನ್ನೂ ವೀಡಿಯೋ ಸರ್ಕ್ಯೂಟನ್ನೂ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ನಡೆಸುವ ರಿಸೀವರ್‌ಗಳು ಎಡವುವುದು ಇಲ್ಲಿ. ಅವುಗಳ ಸೆಟಪ್‌ನಲ್ಲಿ 4 ಓಮ್ ಎಂಬ ಆಯ್ಕೆ ಇರುವುದುಂಟು. ಅನೇಕ ಮಾದರಿಗಳಲ್ಲಿ ಅದು ಒಳಗಿನ ವೋಲ್ಟೇಜನ್ನೇ ತಗ್ಗಿಸಿ ಬಿಸಿಯನ್ನು ಹತೋಟಿಯಲ್ಲಿಡುವ ಏರ್ಪಾಡು. ಪರಿಣಾಮವಾಗಿ ದನಿ ಇನ್ನೂ ಬೇಗ ಒಡೆಯುತ್ತದೆ. ನಿಮ್ಮ ಸ್ಪೀಕರ್‌ಗಾಗಿ ಆ ಆಯ್ಕೆಯನ್ನು ಒತ್ತಲೇಬೇಕೆಂದು ರಿಸೀವರ್ ಕೈಪಿಡಿ ಹೇಳುತ್ತಿದ್ದರೆ, ಈ ಎರಡರ ಜೋಡಿ ಹೊಂದುವಂಥದ್ದಲ್ಲ ಎಂದು ತಯಾರಕರೇ ಒಪ್ಪಿಕೊಂಡಂತಾಯಿತು.

ಪೆಟ್ಟಿಗೆಯ 150 ಮತ್ತು ಕೈಪಿಡಿಯ 80 ಎರಡೂ ಸುಳ್ಳಲ್ಲ. 150 ವ್ಯಾಟ್‌ನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನಿದೆ ಎಂದು ಓದಿ ನೋಡಿ: 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್, ಶೇ 10ರಷ್ಟು ವಿರೂಪ ಎಂದಿರುವ ಸಾಧ್ಯತೆ ಹೆಚ್ಚು. ಶೇ 10ರ ವಿರೂಪ ಎಂದರೆ ದನಿ ಒಡೆದು ಹೋದ ಮೇಲೆ ಅಳೆದ ಅಂಕಿ. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡೂ ಚಾನೆಲ್ ಒಟ್ಟಿಗೆ, ಶೇ 0.1ರೊಳಗಿನ ವಿರೂಪ ಎಂಬ ಷರತ್ತುಗಳೊಂದಿಗೆ ಕೊಟ್ಟ ಅಂಕಿಯನ್ನು ಮಾತ್ರ ಹೋಲಿಕೆಗೆ ಬಳಸಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಗೃಹಬಳಕೆಯ ಆಂಪ್ಲಿಫೈಯರ್‌ಗಳ ವ್ಯಾಟ್ ಜಾಹೀರಾತಿಗೆ ನಿಯಮ ಮಾಡಬೇಕಾಗಿ ಬಂದದ್ದು ಇಂತಹ ಅಂಕಿಗಳ ಹಾವಳಿಯಿಂದಲೇ. ನಮ್ಮಲ್ಲಿ ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಎಂದು ಸಾವಿರಗಟ್ಟಲೆ ವ್ಯಾಟ್ ಬರೆದ ಟೇಪ್‌ರೆಕಾರ್ಡರ್‌ಗಳು ನಿಮಗೂ ನೆನಪಿರಬೇಕು; ಆ ಅಂಕಿಗೆ ಒಪ್ಪಿತವಾದ ಅಳತೆಯ ಕ್ರಮವೇ ಇರಲಿಲ್ಲ.

ಈಗ ಸ್ನೇಹಿತರ ಹೆದರಿಕೆ. ಆಂಪ್ಲಿಫೈಯರ್ ಮೇಲೆ 250 ಎಂದು ಬರೆದಿರುವ ಮಾತ್ರಕ್ಕೆ 250 ವ್ಯಾಟ್ ಸ್ಪೀಕರ್‌ಗೆ ಹರಿಯುವುದಿಲ್ಲ. ವಾಲ್ಯೂಮ್ ಎಷ್ಟು ಕೇಳುತ್ತದೋ ಅಷ್ಟೇ ಹರಿಯುತ್ತದೆ. ಸ್ಪೀಕರನ್ನು ಕೊಲ್ಲುವುದು ಬಿಸಿ. ಕೆಳಸ್ವರ ನುಡಿಸುವ ವೂಫರ್ ಸಾಕಷ್ಟು ತಾಳಿಕೊಳ್ಳುತ್ತದೆ, ಆದರೆ ಮೇಲ್ಸ್ವರ ನುಡಿಸುವ, ಕೂದಲೆಳೆಯಂಥ ತಂತಿ ಸುತ್ತಿದ ಟ್ವೀಟರ್ ಸತತವಾಗಿ ತಾಳಬಲ್ಲದ್ದು ಕೆಲವೇ ವ್ಯಾಟ್. ಸಂಗೀತದಲ್ಲಿ ಮೇಲ್ಸ್ವರಗಳ ಶಕ್ತಿ ಸಹಜವಾಗಿ ಕಡಿಮೆ ಇರುವುದರಿಂದ ಅದು ಬದುಕಿರುತ್ತದೆ. ಸಣ್ಣ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ಏರಿಸಿದಾಗ ಕೆಳಸ್ವರದ ತರಂಗಗಳ ತುದಿ ಕತ್ತರಿಸಿ ಅಲ್ಲೇ ನಿಲ್ಲುತ್ತವೆ, ಮೇಲ್ಸ್ವರಗಳು ಮಾತ್ರ ಏರುತ್ತಲೇ ಹೋಗುತ್ತವೆ. ಜೊತೆಗೆ ಕತ್ತರಿಸಿದ ಅಂಚಿನಿಂದ ಹೊಸ ಮೇಲ್ಸ್ವರಗಳೂ ಹುಟ್ಟುತ್ತವೆ. ಹೀಗೆ ಟ್ವೀಟರ್‌ನ ಪಾಲಿಗೆ ಬರುವ ಸರಾಸರಿ ಶಕ್ತಿ ಹೆಚ್ಚಿ ಅದು ಸುಡುತ್ತದೆ. ಇದರಿಂದ ‘ಚಿಕ್ಕ ಆಂಪ್ಲಿಫೈಯರೇ ಅಪಾಯ, ದೊಡ್ಡದು ಸುರಕ್ಷಿತ’ ಎಂಬ ಎದುರುಮಾತೊಂದು ಹುಟ್ಟಿದೆ, ಅದೂ ಅರ್ಧಸತ್ಯ. 250 ವ್ಯಾಟ್‌ನದು ಅಚಾನಕ್ಕಾಗಿ ಪೂರ್ತಿ ಏರಿದರೆ, ಮೊಮ್ಮಕ್ಕಳು ನಾಬ್ ತಿರುಗಿಸಿದರೂ ಸಾಕು, ಒಡಕು ದನಿಯ ಎಚ್ಚರಿಕೆಯನ್ನೇ ಕೊಡದೆ ಅದು ವೂಫರನ್ನೂ ಟ್ವೀಟರನ್ನೂ ಒಟ್ಟಿಗೆ ತೆಗೆಯಬಲ್ಲದು. ನಿಮ್ಮಂತೆ ಒಡಕನ್ನು ಕಿವಿಯಿಂದ ಗುರುತಿಸಿ ವಾಲ್ಯೂಮ್ ತಗ್ಗಿಸುವವರ ಸ್ಪೀಕರ್ ಯಾವ ಆಂಪ್ಲಿಫೈಯರ್‌ನಿಂದಲೂ ಸುಡುವುದು ಅಪರೂಪ.

ಹಾಗಾದರೆ 250 ಏಕೆ ಬೇಡ? ಅಪಾಯವೆಂದಲ್ಲ, ಅನಗತ್ಯವೆಂದು. ನಿಮ್ಮ ಬೇಡಿಕೆ 63 ವ್ಯಾಟ್ ಎಂದೇ ಹಿಡಿದರೂ, 8 ಓಮ್‌ಗೆ 80ರಿಂದ 120 ವ್ಯಾಟ್ ಕೊಡುವ, 4 ಓಮ್‌ಗೆ ಅದರ ಒಂದೂವರೆ ಪಟ್ಟಾದರೂ ಕೊಡುವ ಪವರ್ ಆಂಪ್ಲಿಫೈಯರ್ ಸಾಕು. ಈ ಎರಡನೆಯ ಅಂಕಿ ಮೊದಲನೆಯದಕ್ಕಿಂತ ಮುಖ್ಯ. 8 ಓಮ್‌ಗೆ 100, 4 ಓಮ್‌ಗೆ 170 ಎಂದು ಬರೆದ ಯಂತ್ರ, 8 ಓಮ್‌ಗೆ 140 ಎಂದು ಬರೆದು 4 ಓಮ್ ಬಗ್ಗೆ ಬಾಯಿಬಿಡದ ಯಂತ್ರಕ್ಕಿಂತ ನಿಮ್ಮ ಸ್ಪೀಕರ್‌ಗೆ ಉತ್ತಮ ಸಂಗಾತಿ.

ಕ್ಲಾಸ್ ಎಬಿ (ಸಾಂಪ್ರದಾಯಿಕ ವಿನ್ಯಾಸ), ಕ್ಲಾಸ್ ಡಿ ಎಂಬ ಜಗಳಕ್ಕೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಡಿ ಎಂದರೆ ಡಿಜಿಟಲ್ ಅಲ್ಲ, ಅದು ಎ, ಬಿ, ಸಿ ಸಾಲಿನಲ್ಲಿ ಮುಂದಿನ ಅಕ್ಷರ ಮಾತ್ರ. ಅದರ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುತ್ತವೆ, ಕೊನೆಯಲ್ಲಿ ಒಂದು ಫಿಲ್ಟರ್ ಅದನ್ನು ಸಂಗೀತದ ತರಂಗವಾಗಿ ನುಣುಪುಗೊಳಿಸುತ್ತದೆ. ಹಳೆಯ ಮತ್ತು ಅಗ್ಗದ ವಿನ್ಯಾಸಗಳಲ್ಲಿ ಆ ಫಿಲ್ಟರ್‌ನ ವರ್ತನೆ ಸ್ಪೀಕರ್‌ನ ಇಂಪೀಡೆನ್ಸ್‌ಗೆ ತಕ್ಕಂತೆ ಬದಲಾಗಿ, ಮೇಲ್ಸ್ವರಗಳು ಒಂದು ಸ್ಪೀಕರ್‌ನಲ್ಲಿ ಮಂಕಾಗಿ, ಇನ್ನೊಂದರಲ್ಲಿ ಚುರುಕಾಗಿ ಕೇಳುತ್ತಿದ್ದವು. ‘ಕ್ಲಾಸ್ ಡಿಗೆ ಜೀವವಿಲ್ಲ’ ಎಂಬ ಮಾತಿಗೆ ಇದ್ದ ಆಧಾರ ಇದು. ಫಿಲ್ಟರ್‌ನ ಆಚೆಯಿಂದ ಫೀಡ್‌ಬ್ಯಾಕ್ ತೆಗೆದುಕೊಳ್ಳುವ ಹೈಪೆಕ್ಸ್, ಪ್ಯೂರಿಫೈ ಮೊದಲಾದ ತಯಾರಕರ ಮಾಡ್ಯೂಲ್‌ಗಳಲ್ಲಿ ಆ ದೋಷ ಉಳಿದಿಲ್ಲ; ಅವುಗಳ ವಿರೂಪ ಒಳ್ಳೆಯ ಕ್ಲಾಸ್ ಎಬಿಗಳಿಗಿಂತಲೂ ಕಡಿಮೆ. ಬಿಸಿಯೂ ಇಲ್ಲ, ತೂಕವೂ ಇಲ್ಲ. ಕ್ಲಾಸ್ ಎಬಿಯ ಪರವಾಗಿ ಹೇಳಬೇಕಾದ ಮಾತು ಬೇರೆ: ಅದು ಕೆಟ್ಟರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಬಿಡಿಭಾಗ ಹುಡುಕಿ ರಿಪೇರಿ ಮಾಡುವವರು ಸಿಗುತ್ತಾರೆ. ಕ್ಲಾಸ್ ಡಿ ಮಾಡ್ಯೂಲ್ ಕೆಟ್ಟರೆ ಸಾಮಾನ್ಯವಾಗಿ ಇಡಿಯಾಗಿ ಬದಲಿಸಬೇಕು. ಹದಿನೈದು ವರ್ಷ ಬಳಸುವ ಉದ್ದೇಶವಿದ್ದರೆ ಇದು ಸಣ್ಣ ವಿಷಯವಲ್ಲ.

ಶುದ್ಧ ಕ್ಲಾಸ್ ಎ ನಿಮಗೆ ಬೇಡ. ಹಾಡು ಇರಲಿ ಬಿಡಲಿ ಸತತವಾಗಿ 150 ವ್ಯಾಟ್ ಎಳೆಯುವ ಯಂತ್ರವನ್ನು ದಿನಕ್ಕೆ ನಾಲ್ಕು ತಾಸು ಹಚ್ಚಿಟ್ಟರೆ ತಿಂಗಳಿಗೆ 18 ಯೂನಿಟ್ ಹೋಗುತ್ತದೆ, ಏಪ್ರಿಲ್‌ನಲ್ಲಿ ಕೋಣೆಯೂ ಕಾಯುತ್ತದೆ. ವಾಲ್ವ್‌ಗಳ ದನಿಯನ್ನು ಮೆಚ್ಚುವವರನ್ನು ನಾನು ಗೌರವಿಸುತ್ತೇನೆ, ಆದರೆ 8 ವ್ಯಾಟ್‌ನ ಸಿಂಗಲ್ ಎಂಡೆಡ್ ವಾಲ್ವ್ ಆಂಪ್ಲಿಫೈಯರ್ ನಿಮ್ಮ ಕುರ್ಚಿಯಲ್ಲಿ 91 ಡೆಸಿಬೆಲ್‌ಗೆ ಮುಗಿದುಹೋಗುತ್ತದೆ. ಅದಕ್ಕೆ 95 ಡೆಸಿಬೆಲ್‌ಗಿಂತ ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಬೇಕು.

ಮಗ ತೋರಿಸಿದ ಅಂಗೈಯಗಲದ ಪೆಟ್ಟಿಗೆಯನ್ನು ತಳ್ಳಿಹಾಕುವ ಅಗತ್ಯವಿಲ್ಲ, ಅದರ ಅಡಾಪ್ಟರ್ ಮೇಲಿನ ಚೀಟಿಯನ್ನು ಓದಿದರೆ ಸಾಕು. ಇವುಗಳಲ್ಲಿ ಹೆಚ್ಚಿನವು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ ಬಳಸುತ್ತವೆ. ಆ ಚಿಪ್ 50 ವೋಲ್ಟ್ ದಾಟಿದ ಪೂರೈಕೆ, 4 ಓಮ್, ಶೇ 10ರ ವಿರೂಪ ಎಂಬ ಸ್ಥಿತಿಯಲ್ಲಿ ಪ್ರತಿ ಬದಿಗೆ 315 ವ್ಯಾಟ್ ಕೊಡಬಲ್ಲದು, 300+300 ಬಂದದ್ದು ಅಲ್ಲಿಂದ. ಆದರೆ ಜೊತೆಗೆ ಬರುವ ಅಡಾಪ್ಟರ್ ಹಲವೊಮ್ಮೆ 32 ವೋಲ್ಟ್, 5 ಆಂಪಿಯರ್‌ನದು. ಅಂದರೆ ಎರಡೂ ಬದಿಗೆ ಸೇರಿ 160 ವ್ಯಾಟ್‌ಗಿಂತ ಹೆಚ್ಚು ಅದರಿಂದ ಸತತವಾಗಿ ಬರಲಾರದು. 32 ವೋಲ್ಟ್‌ನಲ್ಲಿ 8 ಓಮ್‌ಗೆ 60 ವ್ಯಾಟ್ ಸಿಕ್ಕರೆ ಹೆಚ್ಚು. ಅದೇನೂ ಕಡಿಮೆಯಲ್ಲ, ನಿಮ್ಮ ಪರೀಕ್ಷೆಯಲ್ಲಿ 15 ವೋಲ್ಟ್ ಬಂದಿದ್ದರೆ ಅಷ್ಟೇ ಸಾಕಾದೀತು. ಅಪಾಯವಿರುವುದು ಗುಣಮಟ್ಟದ ಖಾತರಿಯಿಲ್ಲದ ಅಡಾಪ್ಟರ್‌ನಲ್ಲಿ, ಮತ್ತು ಮಾರಿದವರ ವಾರಂಟಿ ನಂಬಲರ್ಹವೇ ಎಂಬುದರಲ್ಲಿ.

ಪ್ರತ್ಯೇಕ ಪವರ್ ಆಂಪ್ಲಿಫೈಯರ್ ತರುವುದಾದರೆ ಮೊದಲು ರಿಸೀವರ್‌ನ ಹಿಂಬದಿಯನ್ನು ಟಾರ್ಚ್ ಹಾಕಿ ನೋಡಿ. ‘ಪ್ರೀ ಔಟ್’ (ರಿಸೀವರ್‌ನ ಪವರ್ ವಿಭಾಗಕ್ಕೆ ಹೋಗುವ ಮೊದಲಿನ ಸಂಕೇತವನ್ನು ಹೊರಗೆ ಕೊಡುವ ಜಾಗ) ಎಂಬ ಬರಹದಡಿ ಫ್ರಂಟ್ ಎಡ, ಬಲ ಸಾಕೆಟ್‌ಗಳು ಇವೆಯೇ? ಕಡಿಮೆ ಬೆಲೆಯ ರಿಸೀವರ್‌ಗಳಲ್ಲಿ ಸಬ್‌ವೂಫರ್‌ಗೆ ಮಾತ್ರ ಪ್ರೀ ಔಟ್ ಇರುತ್ತದೆ. ಆಗ ಈ ದಾರಿಯೇ ಮುಚ್ಚಿತು. ಸಾಕೆಟ್ ಇದ್ದರೆ ಪವರ್ ಆಂಪ್ಲಿಫೈಯರ್‌ನ ಗೇನ್, ಅಂದರೆ ಒಳಬಂದ ವೋಲ್ಟೇಜನ್ನು ಅದು ಏರಿಸುವ ಪ್ರಮಾಣ, ಎಷ್ಟೆಂದು ವಿಚಾರಿಸಿ. ರಿಸೀವರ್‌ನ ಪ್ರೀ ಔಟ್ ಸ್ವಚ್ಛವಾಗಿ ಕೊಡುವುದು ಸಾಮಾನ್ಯವಾಗಿ 1 ವೋಲ್ಟ್ ಆಸುಪಾಸು. 29 ಡೆಸಿಬೆಲ್ ಗೇನ್‌ನ ಯಂತ್ರ ಅದನ್ನು 28 ವೋಲ್ಟ್‌ಗೆ ಏರಿಸಿ ಸುಮಾರು 100 ವ್ಯಾಟ್ ಕೊಡುತ್ತದೆ. 23 ಡೆಸಿಬೆಲ್‌ನ ಯಂತ್ರ ಅದೇ ಒಂದು ವೋಲ್ಟ್‌ನಿಂದ 14 ವೋಲ್ಟ್ ಮಾತ್ರ ಕೊಟ್ಟು, 25 ವ್ಯಾಟ್‌ಗೇ ನಿಂತುಬಿಡುತ್ತದೆ, ಅದರ ಮೇಲೆ 250 ಎಂದೇ ಬರೆದಿರಲಿ. ಹೊಸದಾಗಿ ಪವರ್ ಆಂಪ್ಲಿಫೈಯರ್ ತಂದು ‘ಮೊದಲಿಗಿಂತಲೂ ಸಪ್ಪೆ’ ಎಂದು ಬೇಸರಪಟ್ಟವರ ಮನೆಗಳಲ್ಲಿ ನಾನು ಕಂಡ ಸಾಮಾನ್ಯ ಕಾರಣ ಇದೇ. ಸಭಾಂಗಣಗಳಿಗೆ ಬಳಸುವ ಫ್ಯಾನ್ ಇರುವ ಆಂಪ್ಲಿಫೈಯರ್‌ಗಳು ಅಗ್ಗವೂ ಗಟ್ಟಿಯೂ ಹೌದು, ಆದರೆ ತಾನಪುರಾ ಮಾತ್ರ ನುಡಿಯುವ ಹೊತ್ತಿನಲ್ಲಿ ಫ್ಯಾನ್ ಸದ್ದನ್ನು ನೀವು ಸಹಿಸಲಾರಿರಿ.

ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರ್‌ನ ಇಂಪೀಡೆನ್ಸ್ ಆಂಪ್ಲಿಫೈಯರ್‌ನ ಒಳರೋಧದ ಎಷ್ಟು ಪಟ್ಟು ಎಂಬುದು) ಎಂಬ ಅಂಕಿಯನ್ನು ಮುಂದಿಟ್ಟು ಮಾರುವವರಿದ್ದಾರೆ. 50ಕ್ಕೂ 500ಕ್ಕೂ ಇರುವ ನಿಜವಾದ ವ್ಯತ್ಯಾಸ ಒಂದು ಓಮ್‌ನ ಏಳನೇ ಒಂದು ಭಾಗ, 1.5 ಸ್ಕ್ವೇರ್ ಎಂಎಂನ ಐದು ಮೀಟರ್ ತಂತಿಯೇ ಹೋಗಿ ಬರುವಾಗ ಹೆಚ್ಚುಕಡಿಮೆ ಅಷ್ಟು ರೋಧವನ್ನು ಸೇರಿಸುತ್ತದೆ. 2.5 ಸ್ಕ್ವೇರ್ ಎಂಎಂನ ಸಾಧಾರಣ ತಾಮ್ರದ ತಂತಿ ಹಾಕಿ, ಆ ಅಂಕಿಯನ್ನು ಮರೆತುಬಿಡಿ.

ಮನೆಯ ವಿದ್ಯುತ್ ಸಂಪರ್ಕದ ವಿಷಯದಲ್ಲಿ ಮೂರು ಮಾತು. ದೊಡ್ಡ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ಚಾಲೂ ಮಾಡಿದ ಕ್ಷಣದಲ್ಲಿ ಭಾರಿ ಪ್ರವಾಹ ಎಳೆದು ಎಂಸಿಬಿ ಬೀಳಿಸುವುದುಂಟು. ಆ ಪ್ರವಾಹವನ್ನು ಮೆಲ್ಲನೆ ಏರಿಸುವ ಸಾಫ್ಟ್ ಸ್ಟಾರ್ಟ್ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಆ ಸಾಲಿನಲ್ಲಿ ಬಿ ಬದಲು, ಕ್ಷಣಿಕ ಹೊರೆಯನ್ನು ಹೆಚ್ಚು ತಾಳುವ ಸಿ ಕರ್ವ್‌ನ ಎಂಸಿಬಿ ಹಾಕಬಹುದೇ ಎಂದು ಎಲೆಕ್ಟ್ರಿಷಿಯನ್ ನಿರ್ಧರಿಸಲಿ. ಹೊಸ ಆಂಪ್ಲಿಫೈಯರ್ ಜೋಡಿಸಿದಾಗ ಸ್ಪೀಕರ್‌ನಲ್ಲಿ ‘ಗುಂಯ್’ ಎಂಬ ಸದ್ದು ಶುರುವಾದರೆ ಮೊದಲು ರಿಸೀವರ್‌ಗೋ ಟಿವಿಗೋ ಬರುವ ಕೇಬಲ್ ಅಥವಾ ಡಿಶ್ ತಂತಿಯನ್ನು ಕಳಚಿ ನೋಡಿ. ಅರ್ಥಿಂಗ್ ಎರಡು ದಾರಿಯಲ್ಲಿ ಸೇರಿಕೊಂಡಿರುವುದೇ ಬಹುತೇಕ ಕಾರಣ. ಆ ಸದ್ದು ನಿಲ್ಲಿಸಲೆಂದು ಪ್ಲಗ್‌ನ ಮೂರನೆಯ ಪಿನ್ ಮುರಿಯುವವರಿದ್ದಾರೆ, ಅದು ಜೀವಕ್ಕೆ ಎರವಾಗುವ ಕೆಲಸ. ಇನ್ನು ನಿಮ್ಮ ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಅದರ ಮೇಲೆ ಈ ಯಂತ್ರವನ್ನು ನಡೆಸಬೇಡಿ, ಟ್ರಾನ್ಸ್‌ಫಾರ್ಮರ್ ಗುನುಗುತ್ತದೆ, ಕಾಯುತ್ತದೆ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಪರೀಕ್ಷೆಯಲ್ಲಿ, ನಾಲ್ಕರಿಂದ ಗುಣಿಸಿದ ಮೇಲೆ, 12 ವೋಲ್ಟ್‌ಗಿಂತ ಕಡಿಮೆ ಬಂದರೆ ಏನನ್ನೂ ಕೊಳ್ಳಬೇಡಿ. ರಿಸೀವರ್ ಶೋಕೇಸ್‌ನಲ್ಲಿದ್ದರೆ ಹೊರತೆಗೆದು ಮೇಲೆ ನಾಲ್ಕು ಬೆರಳಲ್ಲ, ಒಂದು ಗೇಣು ಜಾಗ ಬಿಡಿ, ಕುರ್ಚಿಯನ್ನು ಎರಡು ಅಡಿ ಮುಂದಕ್ಕೆ ಎಳೆಯಿರಿ. ಅದಕ್ಕಿಂತ ಹೆಚ್ಚು ಬಂದು, ಬಾಸ್ ಹೊಂದಿಕೆಯನ್ನು ಸೊನ್ನೆಗೆ ತಂದರೂ ಗಡುಸು ಹೋಗದೆ, ಪ್ರೀ ಔಟ್ ಇದ್ದು, ಅದೇ ಸ್ಪೀಕರ್‌ಗಳಲ್ಲಿ ಸಿನಿಮಾವನ್ನೂ ನೋಡುತ್ತಿದ್ದರೆ ಮೇಲೆ ಹೇಳಿದ ಅಳತೆಯ ಪವರ್ ಆಂಪ್ಲಿಫೈಯರ್ ಸರಿಯಾದ ಆಯ್ಕೆ. ಇದರಲ್ಲಿರುವ ಕೊರತೆ ಎಂದರೆ ರಿಸೀವರ್‌ನ ಪ್ರೀ ವಿಭಾಗ ಹಾಗೆಯೇ ಉಳಿಯುತ್ತದೆ, ಎರಡು ಯಂತ್ರ ಚಾಲೂ ಇರಬೇಕಾಗುತ್ತದೆ. ಸಂಗೀತವೇ ಮುಖ್ಯವಾಗಿದ್ದರೆ, ಅಥವಾ ಪ್ರೀ ಔಟ್ ಇಲ್ಲದಿದ್ದರೆ, ಅದೇ ಹಣಕ್ಕೆ 80 ವ್ಯಾಟ್ ಆಸುಪಾಸಿನ, 4 ಓಮ್ ನಿಭಾಯಿಸುವ ಒಂದು ಸ್ಟೀರಿಯೋ ಇಂಟಿಗ್ರೇಟೆಡ್ ಆಂಪ್ಲಿಫೈಯರ್ (ಪ್ರೀ ಮತ್ತು ಪವರ್ ವಿಭಾಗಗಳು ಒಂದೇ ಪೆಟ್ಟಿಗೆಯಲ್ಲಿರುವಂಥದ್ದು) ಕೊಳ್ಳಿ; ನಿಮ್ಮ ಸ್ಥಾನದಲ್ಲಿದ್ದರೆ ನಾನು ಆರಿಸುವುದು ಇದನ್ನೇ. ಎರಡು ಚಾನೆಲ್‌ನ ಯಂತ್ರವನ್ನು ಬ್ರಿಜ್ ಮಾಡಿ (ಎರಡೂ ಚಾನೆಲ್ ಸೇರಿಸಿ ಒಂದೇ ಆಗಿಸಿ) ಒಂದೊಂದು ಸ್ಪೀಕರ್‌ಗೆ ಒಂದೊಂದು ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಬ್ರಿಜ್ ಮಾಡಿದಾಗ ಪ್ರತಿ ಅರ್ಧಕ್ಕೂ ಸ್ಪೀಕರ್‌ನ ಇಂಪೀಡೆನ್ಸ್ ಅರ್ಧವಾಗಿ ಕಾಣುತ್ತದೆ, ನಿಮ್ಮ 3.8 ಓಮ್ 1.9 ಆಗುತ್ತದೆ, ಮನೆಬಳಕೆಯ ಬಹುಪಾಲು ಯಂತ್ರಗಳು ಅದನ್ನು ತಾಳಲಾರವು.

ಕೊಳ್ಳುವ ಮೊದಲು ಯಂತ್ರವನ್ನು ನಿಮ್ಮ ಮನೆಗೇ ತಂದು ಕೇಳಿಸಲು ಅಂಗಡಿಯವರನ್ನು ಒಪ್ಪಿಸಿ. ಎರಡು ಆಂಪ್ಲಿಫೈಯರ್ ಹೋಲಿಸುವಾಗ ಅರ್ಧ ಡೆಸಿಬೆಲ್ ಜೋರಾಗಿರುವುದು ಹೆಚ್ಚು ತುಂಬಿದಂತೆ, ಸ್ಪಷ್ಟವಾದಂತೆ ಅನಿಸುತ್ತದೆ. ಎಷ್ಟೋ ‘ಗುಣಮಟ್ಟದ ವ್ಯತ್ಯಾಸ’ಗಳು ಇಷ್ಟರಿಂದಲೇ ಹುಟ್ಟುತ್ತವೆ. ಅದೇ 100 ಹರ್ಟ್ಸ್ ಕಡತ ನುಡಿಸಿ ಎರಡರ ಟರ್ಮಿನಲ್‌ಗಳಲ್ಲೂ 1.00 ವೋಲ್ಟ್ ಬರುವಂತೆ ವಾಲ್ಯೂಮ್ ಹೊಂದಿಸಿ, ಆಮೇಲೆ ಕೇಳಿ. ಹಳೆಯ ಯಂತ್ರ ಕೊಳ್ಳುವುದಾದರೆ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಸ್ಪೀಕರ್ ಜೋಡಿಸದೆ, ಹಾಡು ಹಾಕದೆ, ಹತ್ತು ನಿಮಿಷ ಕಾದ ಮೇಲೆ ಎರಡೂ ಬದಿಯ ಟರ್ಮಿನಲ್‌ಗಳನ್ನು ಅಳೆಯಿರಿ. 20 ಮಿಲಿವೋಲ್ಟ್ ಒಳಗಿದ್ದರೆ ಒಳ್ಳೆಯದು. 50ರ ಮೇಲಿದ್ದರೆ, ಅಥವಾ ಅಂಕಿ ಒಂದೇ ಸಮನೆ ಏರುತ್ತಿದ್ದರೆ, ಒಳಗೆ ಏನೋ ಕೆಟ್ಟಿದೆ ಎಂದು ತಿಳಿದು ಸ್ಪೀಕರ್ ಜೋಡಿಸದೆ ಹಿಂದಿರುಗಿಸಿ.